ಬೇರೆಯವರ ಬೆರಳಿಗೆ ಆಟ ಹುಡುಕುವ ಅಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಆಸ್ಪತ್ರೆಯ ಹಿಂಭಾಗದ ಕೋಣೆಯೊಂದರಲ್ಲಿ, ಈ ಭೂಮಿಯ ಮೇಲೆ ಇದುವರೆಗೆ ತಯಾರಾದ ಕುರ್ಚಿಗಳಲ್ಲೇ ಅತಿ ಹೆಚ್ಚು ಕಿರುಗುಟ್ಟುವ ಕುರ್ಚಿಯಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ. ಎಡಗೈಗೆ ಬ್ಯಾಂಡೇಜು ಬಟ್ಟೆ ಬಿಗಿಯಾಗಿ ಸುತ್ತಿಕೊಂಡಿದ್ದಾರೆ. ಹೆಬ್ಬೆರಳು, ತೋರುಬೆರಳುಗಳ ತುದಿ ಮಾತ್ರ ಚಿಪ್ಪಿನಿಂದ ಆಮೆ ಇಣುಕಿದ ಹಾಗೆ ಹೊರಗಿವೆ. ಆ ಎರಡು ತುದಿಗಳಿಂದ ಅವರು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಹಂದಿಗಳಿಗೆ ಟೋಪಿ ತೊಡಿಸುತ್ತಿದ್ದಾರೆ. ಹಂದಿಗಳು ಓಡುತ್ತವೆ. ಟೋಪಿಗಳು ಜಾರುತ್ತವೆ. ಪಕ್ಕದ ಲೋಟದಲ್ಲಿ ಟೀ ಹೊಗೆಯಾಡುತ್ತಿದೆ.

ಬಾಗಿಲ ಬಳಿ ನನ್ನ ಹೆಜ್ಜೆ ಸದ್ದಾದದ್ದೇ ತಡ, ಟ್ಯಾಬ್ಲೆಟ್ಟು ಒರೆಸುವ ಬಟ್ಟೆಯ ಕೆಳಗೆ ಮಾಯ. ಅಷ್ಟು ಚುರುಕಿನ ಕೈಚಳಕವನ್ನು ನಾನು ಯಾವ ಜಾದೂಗಾರನಲ್ಲೂ ಕಂಡಿಲ್ಲ.

"ಅಯ್ಯೋ, ನೀವಾ ಸಾರ್? ಲಾಂಡ್ರಿಯವನು ಅಂದ್ಕೊಂಡೆ."

"ಅವನು ನೋಡಿದ್ರೆ ಏನಂತೆ?"

"ಏನಂತೆ ಅಂತ ಕೇಳ್ತೀರಲ್ಲ! ಹೋದ ವಾರ ನೋಡ್ಬಿಟ್ಟು, 'ಏನಕ್ಕಾ, ಮೊಮ್ಮಕ್ಕಳ ಆಸ್ತಿಗೇ ಕೈ ಹಾಕಿದ್ಯಾ' ಅಂತ ವಾರ್ಡಿಗೆಲ್ಲ ಕೇಳೋ ಹಾಗೆ ನಕ್ಕ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಆಸ್ಪತ್ರೆಯವರೆಲ್ಲ ಇವರನ್ನು ಆಟದಕ್ಕ ಎನ್ನುತ್ತಾರೆ. ಪಾರ್ಶ್ವವಾಯು ಬಡಿದು ಕೈ ಸೋತವರು ಬೆರಳನ್ನು ಮತ್ತೆ ಪಳಗಿಸಿಕೊಳ್ಳಲು ಬರುವ ಕೋಣೆ ಇದು. ಬಂದವರಿಗೆ ತಕ್ಕ ಆಟ ಹುಡುಕಿ ಕೊಡುವುದು ಅಕ್ಕನ ಕೆಲಸ. ಮೊದಲು ಇದೇ ಕೋಣೆಯ ನೆಲ ಒರೆಸುತ್ತಿದ್ದರು. ಯಾರೋ ಪುಣ್ಯಾತ್ಮರು ನಾಲ್ಕು ಹಳೆಯ ಟ್ಯಾಬ್ಲೆಟ್ ದಾನ ಕೊಟ್ಟರು. ಬೆರಳ ವ್ಯಾಯಾಮಕ್ಕೆಂದು ಅವುಗಳಲ್ಲಿ ಹಾಕಿದ್ದ ಆಟ ಒಂದೇ: ಹಸಿರು ಚುಕ್ಕಿ ಬಂದಾಗ ಒತ್ತಬೇಕು, ಕೆಂಪು ಬಂದಾಗ ಸುಮ್ಮನಿರಬೇಕು. ಅದನ್ನು ಆಡುತ್ತಾ ಕೂತವರ ಗೊರಕೆಗೆ ಕಿಟಕಿಯ ಗಾಜು ಅದುರುತ್ತಿತ್ತಂತೆ. ಇದು ನನ್ನ ಮಾತು. ಅಕ್ಕ ಹೇಳಿದ್ದು "ಒಬ್ಬಿಬ್ಬರು ತೂಕಡಿಸ್ತಿದ್ರು" ಎಂದಷ್ಟೇ. ಒಂದು ದಿನ ಒರೆಸುಕೋಲು ಹಿಡಿದೇ ಅವರು ಥೆರಪಿ ಮೇಡಂಗೆ, "ಇದ್ರಲ್ಲಿ ಮಜಾನೇ ಇಲ್ವಲ್ಲ ಮೇಡಂ" ಎಂದರು. ಉಸಿರಾಡಲೂ ಪುರುಸೊತ್ತಿಲ್ಲದ ಮೇಡಂ, "ಹಾಗಾದ್ರೆ ಮಜಾ ಇರೋದನ್ನ ಹುಡುಕಿ ಕೊಡಿ" ಎಂದರು. ಅಂದಿನಿಂದ ಹುಡುಕುತ್ತಲೇ ಇದ್ದಾರೆ.

ಹುಡುಕುವುದೆಂದರೆ ಅಂಗಡಿಯಲ್ಲಿ ಬದನೆಕಾಯಿ ಆರಿಸಿದಷ್ಟು ಸುಲಭವಲ್ಲ. ಟ್ಯಾಬ್ಲೆಟ್ಟಿನೊಳಗಿನ ಆಟದಂಗಡಿಯಲ್ಲಿ ಆಕಾಶದ ನಕ್ಷತ್ರಗಳನ್ನು ನಾಚಿಸುವಷ್ಟು ಆಟಗಳಿವೆ. ಒಂದೊಂದೂ 'ನನ್ನ ಬಿಟ್ಟರಿಲ್ಲ' ಎಂದು ಕುಣಿಯುತ್ತದೆ.

"ಚಿತ್ರ ನೋಡಿ ಮೋಸ ಹೋಗಬಾರದು ಸಾರ್. ಹೊರಗೆ ಹೂವಿನ ತೋಟ, ಒಳಗೆ ಹೋದ್ರೆ ಬರೀ ಜಾಹೀರಾತು. ಅದನ್ನ ಮುಚ್ಚೋಕೆ ಮೂಲೇಲಿ ಸಾಸಿವೆ ಕಾಳಷ್ಟು ಗುರುತು ಇಟ್ಟಿರ್ತಾರೆ. ನನ್ನ ಬೆರಳಿಗೇ ಸಿಗಲ್ಲ, ಕೈ ನಡುಗೋರಿಗೆ ಸಿಗುತ್ತಾ? ಮೇಲೆ ಗಡಿಯಾರ ಓಡೋ ಆಟ ಬೇಡ, ನೋಡಿದ್ರೇ ಎದೆ ಹೊಡ್ಕೊಳ್ಳುತ್ತೆ. ಸೋತಾಗ ಗೊಳೋ ಅಂತ ಅಳೋ ಆಟನೂ ಬೇಡ. ಮನೇಲಿ ಅಳೋರು ಸಾಕಷ್ಟು ಜನ ಇರ್ತಾರೆ."

ಕೈಗೆ ಬಟ್ಟೆ ಸುತ್ತಿಕೊಳ್ಳುವುದು ಅವರದೇ ಉಪಾಯ. ಮಾತು ಕೇಳದ ಕೈಯಿಂದ ಆಡಿದರೆ ಹೇಗಿರುತ್ತದೆಂದು ಹಾಗೆ ತಿಳಿಯುತ್ತದಂತೆ. ಪರೀಕ್ಷೆಯ ಫಲಿತಾಂಶ ಹೇಳುವುದು ಟೀ. ಬಿಸಿ ಇರುವಾಗಲೇ ನೆನಪಾಗಿ ಕುಡಿದರೆ ಆಟ ಫೇಲು. ಮೈಮರೆತು ತಣ್ಣಗಾದರೆ ಪಾಸು. ಹಂದಿ ಟೋಪಿಯ ಆಟ ಇವತ್ತು ಫೇಲಾಯಿತು. ಅಕ್ಕ ನನ್ನೆದುರೇ ಬಿಸಿ ಟೀ ಕುಡಿದು ಮುಗಿಸಿದರು.

ಇಷ್ಟು ಸೊಗಸಾದ ಕೆಲಸವನ್ನು ಬೇರೆಯವರಾಗಿದ್ದರೆ ಬೀದಿಗೆಲ್ಲ ಡಂಗುರ ಹೊಡೆಸುತ್ತಿದ್ದರು. ಅಕ್ಕನಿಗೆ ನಾಚಿಕೆ. ಮಗಳ ಅತ್ತೆ ಮನೆಯವರಿಗೆ ಇವತ್ತಿಗೂ "ಆಸ್ಪತ್ರೆಯಲ್ಲಿ ಕ್ಲೀನಿಂಗು" ಎಂದೇ ಹೇಳುತ್ತಾರೆ. ಬೇಕರಿಯ ಒಲೆ ನೋಡಿಕೊಳ್ಳುವ ಗಂಡನ ಬಾಯಿಗೆ ಬೀಗವಿಲ್ಲ. "ನಾನು ಬೆಂಕಿ ಮುಂದೆ ಬೆಂದು ಬರ್ತೀನಿ, ನಮ್ಮೋಳು ಆಟದಲ್ಲಿ ಹಣ್ಣು ಸಿಡಿಸಿ ಬರ್ತಾಳೆ. ಇಬ್ಬರಿಗೂ ಸಂಜೆ ಸುಸ್ತು!" ಎಂದು ಬಂದವರೆದುರು ನಗುತ್ತಾರೆ. ಅಕ್ಕನೂ ನಗುತ್ತಾರೆ, ಒಳಗೆ ಹೋಗಿ ಪಾತ್ರೆ ಜೋರಾಗಿ ಉಜ್ಜುತ್ತಾರೆ.

ಆದರೆ ನಾನು ಮೊದಲ ಸಲ ಮಾತಾಡಿಸಲು ಹೋದ ದಿನ ಅವರ ಮುಖದಲ್ಲಿದ್ದದ್ದು ಆ ನಾಚಿಕೆಯಲ್ಲ. ಪೇಪರಿನಲ್ಲಿ ಬರೆಯುತ್ತೇನೆಂದ ಕೂಡಲೇ ಎರಡೂ ಕೈ ಅಡ್ಡ ತಂದರು. "ಬೇಡ ಸಾರ್. ನಾನು ಒಂದು ಹಲ್ಕಾ ಕೆಲಸ ಮಾಡಿದ್ದೀನಿ. ಬರೆಯೋದಾದ್ರೆ ಅದನ್ನೂ ಬರೀರಿ. ಇಲ್ಲಾಂದ್ರೆ ನನ್ನ ವಿಷಯಾನೇ ಬೇಡ."

ಹಾಗಾಗಿ ಅದನ್ನೂ ಬರೆಯುತ್ತಿದ್ದೇನೆ.

ಊರಿನ ಅರ್ಧ ಗಂಡಸರ ಪ್ಯಾಂಟು ಹೊಲಿದ ದರ್ಜಿಯೊಬ್ಬರಿದ್ದಾರೆ. ಅವರ ಕತ್ತರಿ ಬಟ್ಟೆಯ ಮೇಲೆ ಓಡಿದರೆ ಮೀನು ಕೂಡ ಈಜು ಮರೆತು ನಿಂತು ನೋಡಬೇಕು. ಆ ಬಲಗೈಗೇ ಲಕ್ವ ಹೊಡೆಯಿತು. ಈ ಕೋಣೆಗೆ ಬಂದವರು ಮೆತ್ತನೆ ಚೆಂಡು ಹಿಸುಕಿ ಎಂದರೆ ಹಿಸುಕಲಿಲ್ಲ, ಮಣಿ ಪೋಣಿಸಿ ಎಂದರೆ ಮುಖ ತಿರುಗಿಸಿದರು. ಅಕ್ಕ ಬಹಳ ಯೋಚಿಸಿ, ಅಂಗಿ ಹೊಲಿಯುವ ಆಟವೊಂದನ್ನು ಹುಡುಕಿ ತಂದಿಟ್ಟರು. ದರ್ಜಿ ಒಂದು ಕ್ಷಣ ನೋಡಿ ಟ್ಯಾಬ್ಲೆಟ್ಟನ್ನು ಬೋರಲು ಹಾಕಿದರು. "ನನ್ನ ಕಸುಬನ್ನ ನನಗೇ ಆಟ ಮಾಡಿ ತೋರಿಸ್ತೀಯೇನಮ್ಮ?"

ಅಕ್ಕ ಮತ್ತೆ ಹುಡುಕಿದರು. ಎಷ್ಟೋ ಟೀ ಬಿಸಿಯಾಗಿಯೇ ಹೊಟ್ಟೆ ಸೇರಿದ ಮೇಲೆ ಒಂದು ಬಾತುಕೋಳಿ ಸಿಕ್ಕಿತು. ಒಣಗಿದ ತೊಟ್ಟಿಯಲ್ಲಿ ಮುಖ ಊದಿಸಿಕೊಂಡು ಕೂತ ದಪ್ಪ ಬಾತುಕೋಳಿ. ದೂರದ ನಲ್ಲಿಯಿಂದ ತೊಟ್ಟಿಯವರೆಗೆ ಪೈಪಿನ ತುಂಡುಗಳು ಅಡ್ಡಾದಿಡ್ಡಿ ಬಿದ್ದಿವೆ. ಎರಡು ಬೆರಳಿಟ್ಟು, ಬೀಗದಲ್ಲಿ ಕೀಲಿ ತಿರುಗಿಸುವ ಹಾಗೆ, ಒಂದೊಂದೇ ತುಂಡು ತಿರುಗಿಸಿ ಜೋಡಿಸಿದರೆ ನೀರು ಬರುತ್ತದೆ, ಬಾತು ಈಜುತ್ತದೆ. ಒಂದು ತೊಟ್ಟಿ ತುಂಬಿದರೆ ಮುಂದಿನ ತೊಟ್ಟಿ, ಅದು ಇನ್ನೂ ಕಷ್ಟದ್ದು.

ದರ್ಜಿ ಸೋತುಹೋದರು, ಬಾತುಕೋಳಿಗೆ. "ಪಾಪ, ಬಾಯಿ ಬಿಟ್ಕೊಂಡು ಕೂತಿದೆಯಲ್ಲಮ್ಮ" ಎಂದು ಮೊದಲ ದಿನವೇ ಊಟ ಮರೆತರು. ಮರುದಿನ ಬಾಗಿಲು ತೆರೆಯುವ ಮೊದಲೇ ಹಾಜರ್. ಅವರ ಹೆಂಡತಿ ಗೋಳಾಡಿದರು. "ಏನು ಮಾಡಿಟ್ಟೆ ತಾಯಿ? ಮನೆಗೆ ಬಂದ್ರೂ ಬಾತುಕೋಳಿದೇ ಜಪ. ನನಗೆ ಒಂದು ಲೋಟ ನೀರು ಕೊಟ್ಟವರಲ್ಲ ಜನ್ಮದಲ್ಲಿ!" ಗೋಳಾಟದ ನಡುವೆ ಹೇಳಲು ಮರೆತಿದ್ದನ್ನು ಬಾಗಿಲ ಬಳಿ ನಿಂತು ಸೇರಿಸಿದರು: ಇವತ್ತು ಅಂಗಿಯ ಒಂದು ಗುಂಡಿಯನ್ನು ಅವರೇ ಹಾಕಿಕೊಂಡರು.

ಆಮೇಲೆ ಒಂದು ತೊಟ್ಟಿ ಬಂತು, ತುಂಬಲೊಲ್ಲದು. ಬೆರಳು ಜಾರುತ್ತಿತ್ತು, ಸರಿಯಾಗಿದ್ದ ಪೈಪು ನಡುಕಕ್ಕೆ ಮತ್ತೆ ತಿರುಗುತ್ತಿತ್ತು. ದಿನಗಟ್ಟಲೆ ಅದೇ. ದರ್ಜಿಯ ಮಾತು ಕಡಿಮೆಯಾಯಿತು. ಒಂದು ಸಂಜೆ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಇದು ಇಷ್ಟೇ ಕಣಮ್ಮ. ನಾಳೆಯಿಂದ ಬರಲ್ಲ" ಎಂದರು.

"ಅದನ್ನ ಕೇಳಿ ರಾತ್ರಿಯೆಲ್ಲ ಅದೇ ಪೈಪುಗಳ ಲೆಕ್ಕ ಹಾಕ್ದೆ ಸಾರ್," ಎನ್ನುತ್ತಾರೆ ಅಕ್ಕ. "ಬೆಳಗ್ಗೆ ಬಂದೆ. ಕೈಗೆ ಬಟ್ಟೆ ಸುತ್ತಲಿಲ್ಲ. ಬರೀ ಕೈಯಲ್ಲಿ ಟಕಟಕ ತಿರುಗಿಸಿ ತೊಟ್ಟಿ ತುಂಬಿಸ್ಬಿಟ್ಟೆ."

ಹೆಂಡತಿಯ ಬಲವಂತಕ್ಕೆ ಬಂದ ದರ್ಜಿ ತೆರೆದು ನೋಡಿದರೆ ಬಾತು ಈಜುತ್ತಿದೆ. "ಅರೆ! ನಿನ್ನೆ ಕೊನೇಲಿ ತಿರುಗಿಸಿದ್ದು ಸರಿ ಹೋಗಿತ್ತು, ನಾನೇ ನೋಡಿಲ್ಲ!" ಎಂದು ಕೂಗಿದರು. ಥೆರಪಿ ಮೇಡಂಗೆ ತೋರಿಸಿದರು, ವಾಚ್‌ಮನ್‌ಗೆ ತೋರಿಸಿದರು, ಬೀದಿಯ ಕ್ಷೌರಿಕನ ಅಂಗಡಿಯಲ್ಲಿ ಕೂತು ಎಲ್ಲರ ಗಡ್ಡ ಮತ್ತೆ ಬೆಳೆಯುವಷ್ಟು ಹೊತ್ತು ವರ್ಣಿಸಿದರು. ಅಕ್ಕ ತಲೆ ತಗ್ಗಿಸಿ ಟ್ಯಾಬ್ಲೆಟ್ ಒರೆಸುತ್ತಿದ್ದರು. ಮುಂದಿನ ತೊಟ್ಟಿಯೂ ತುಂಬಲಿಲ್ಲ. ಒಮ್ಮೆ ಮಾಡಿದವರಿಗೆ ಎರಡನೆಯದು ಸುಲಭ.

ಎರಡನೆಯದನ್ನು ತುಂಬಿಸುತ್ತಿದ್ದ ಬೆಳಗ್ಗೆ ದರ್ಜಿ ಖುಷಿ ತಡೆಯಲಾರದೆ ಬೇಗ ಬಂದುಬಿಟ್ಟಿದ್ದರು. ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದರೋ ಗೊತ್ತಿಲ್ಲ.

"ಬೈದಿದ್ರೆ ಚೆನ್ನಾಗಿತ್ತು," ಅಕ್ಕನ ದನಿ ಇಲ್ಲಿ ಇಳಿಯುತ್ತದೆ. "'ಕ್ಷೌರದಂಗಡೀಲಿ ಹೇಳ್ಬಿಟ್ಟೆನಲ್ಲಮ್ಮ' ಅಂದ್ರು. ಅಷ್ಟೇ. ಹೊರಟುಹೋದ್ರು."

ಬೆರಳು ಈಗ ಕೆಲಸ ಬಿಟ್ಟು ಕೂತರೆ ಗಟ್ಟಿಯಾಗುತ್ತದೆ, ಆಮೇಲೆ ಯಾವ ಆಟವೂ ಅದನ್ನು ಕರಗಿಸಲಾರದು ಎಂದು ಥೆರಪಿ ಮೇಡಂ ಹೇಳಿದ್ದರು. ದರ್ಜಿಯ ಕುರ್ಚಿ ಖಾಲಿಯೇ ಇತ್ತು. ತಪ್ಪನ್ನು ತಿದ್ದಬೇಕು, ತಾನು ಕದ್ದು ತುಂಬಿಸಿದ ಎರಡು ತೊಟ್ಟಿಯನ್ನು ಖಾಲಿ ಮಾಡಬೇಕು ಎಂದು ಅಕ್ಕ ಅಂದುಕೊಂಡರು. ಆ ಆಟದಲ್ಲಿ ಹಿಂದೆ ಹೋಗುವ ದಾರಿ ಒಂದೇ: 'ಮೊದಲಿನಿಂದ' ಎಂಬ ಗುಂಡಿ. ಒತ್ತಿದರು. ಎರಡಲ್ಲ, ದರ್ಜಿ ತಾನೇ ಬೆವರು ಸುರಿಸಿ ತುಂಬಿಸಿದ್ದ ತೊಟ್ಟಿಗಳೂ ಸೇರಿ ಎಲ್ಲವೂ ಬರಿದಾದವು. ಬಾತುಕೋಳಿ ಮೊದಲ ತೊಟ್ಟಿಯಲ್ಲಿ ಮುಖ ಊದಿಸಿಕೊಂಡು ಕೂತಿತ್ತು.

"ಕಳ್ಳಿಯಾಗಿದ್ದೆ. ಈಗ ಮನೆ ಸುಟ್ಟವಳೂ ಆದೆ."

ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡು ದರ್ಜಿಯ ಮನೆಗೆ ಹೋದರು. ಹೆಂಡತಿ ಬಾಗಿಲು ತೆರೆದು, "ಮನೇಲಿಲ್ಲ ಅಂತ ಹೇಳು ಅಂತಿದ್ದಾರೆ" ಎಂದರು. ಒಳಕೋಣೆಯ ಬಾಗಿಲ ಪರದೆಯ ಆಚೆ ಕೆಮ್ಮು ಕೇಳಿಸಿತು. ಅಕ್ಕ ಹೊಸ್ತಿಲಲ್ಲೇ ನಿಂತು, ಪರದೆಗೆ ಎಲ್ಲವನ್ನೂ ಒಪ್ಪಿಸಿದರು.

ಆಮೇಲೆ ಪರದೆ ಮಾತಾಡಿತು. "ಎಲ್ಲಾನೂ ಹೋಯ್ತಾ?"

"ಎಲ್ಲಾನೂ, ಯಜಮಾನ್ರೇ."

"ಅದ್ರಲ್ಲಿ ನಾನು ತುಂಬಿಸಿದ್ದೆಷ್ಟು, ನೀನು ತುಂಬಿಸಿದ್ದೆಷ್ಟು?"

"ನಂದು ಕೊನೇ ಎರಡೇ. ಉಳಿದಿದ್ದೆಲ್ಲಾ ನಿಮ್ಮ ಕೈಯದೇ. ನನ್ನ ಮಕ್ಕಳಾಣೆ."

"ಹೇಗೆ ನಂಬಲಿ? ಮೊದಲ್ನೇ ದಿನದಿಂದಾನೂ ನೀನೇ ತುಂಬಿಸಿದ್ರೆ?"

ತೋರಿಸಲು ಅಕ್ಕ ಏನೂ ಉಳಿಸಿಕೊಂಡಿರಲಿಲ್ಲ. ದರ್ಜಿಯ ಹೆಂಡತಿಯೇ ಪರದೆಯತ್ತ ತಿರುಗಿ ಗದರಿದರು: "ಕೈ ನಿಮ್ಮ ಹತ್ರಾನೇ ಇದೆಯಲ್ಲ, ಅದನ್ನೇ ಕೇಳ್ರಿ!"

ಮೂರ್ನಾಲ್ಕು ದಿನ ಬಿಟ್ಟು ದರ್ಜಿ ಕೋಣೆಗೆ ಬಂದರು. ಅಕ್ಕನ ಮುಖ ನೋಡಲಿಲ್ಲ. ಟ್ಯಾಬ್ಲೆಟ್ ಎತ್ತಿಕೊಂಡು, "ಆಚೆ ಹೋಗಮ್ಮ" ಎಂದರು. ಅಂದಿನಿಂದ ಅವರು ಆಡುವಷ್ಟು ಹೊತ್ತು ಅಕ್ಕ ಕಾರಿಡಾರಿನಲ್ಲಿ. ಸಂಜೆ ದರ್ಜಿ ಟ್ಯಾಬ್ಲೆಟ್ಟನ್ನು ಅಕ್ಕನಿಗಲ್ಲ, ಮೇಡಂ ಕೈಗೆ ಕೊಟ್ಟು, ಬೀರುವಿಗೆ ಬೀಗ ಬಿದ್ದದ್ದನ್ನು ಎಳೆದು ನೋಡಿ ಹೋಗುತ್ತಾರೆ. ಆಟದಕ್ಕನ ಎದುರೇ. "ಎಳೆದು ನೋಡ್ಲಿ ಸಾರ್. ನೋಡಬೇಕಾದ್ದೇ," ಎನ್ನುತ್ತಾರೆ ಅಕ್ಕ. ಕಿವಿ ಕೆಂಪಗಾಗಿರುತ್ತದೆ.

ಮೊದಲ ತೊಟ್ಟಿಯಿಂದ ಒಂದೊಂದಾಗಿ ತುಂಬಿವೆ. ಎಲ್ಲವೂ ಅವರ ಕೈಯಿಂದಲೇ, ಮೊದಲಿಗಿಂತ ಬೇಗ. ಈಗ ಅದೇ ಹಟಮಾರಿ ತೊಟ್ಟಿಯ ಮುಂದೆ ಬಂದು ನಿಂತಿದ್ದಾರೆ. ನಾನು ಎರಡನೇ ಸಲ ಬಂದ ಈ ಬೆಳಗ್ಗೆ, ಅಕ್ಕ ಕಾರಿಡಾರಿನಲ್ಲಿ ನಿಂತಿರುವಾಗ, ದರ್ಜಿ ಬಾಗಿಲು ತೆರೆಯುತ್ತಾರೆ.

"ಒಳಗೆ ಬಾರಮ್ಮ."

ಅಕ್ಕ ಪರೀಕ್ಷೆಗೆ ಕರೆದ ಹುಡುಗಿಯ ಹಾಗೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ದರ್ಜಿ ತಿರುಗಿ ನೋಡುತ್ತಾರೆ. "ಕೈ ಎಲ್ಲಿ?"

"ಅದರ ಮೇಲೇ ಕೂತಿದ್ದೀನಿ, ಯಜಮಾನ್ರೇ."

ನಿಜ. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಾರೆ. ದರ್ಜಿಯ ಮೀಸೆ ಸ್ವಲ್ಪ ಅಲುಗುತ್ತದೆ, ನಗುವೋ ಅಲ್ಲವೋ ನಾನು ಆಣೆ ಮಾಡಲಾರೆ. ಬೆರಳುಗಳು ಗಾಜಿನ ಮೇಲೆ ಇಳಿಯುತ್ತವೆ. ಒಂದು ಪೈಪು ಕೂಡುತ್ತದೆ. ಇನ್ನೊಂದು. ಮೂರನೆಯದಕ್ಕೆ ನಡುಕ ಬಂದು ಮೊದಲನೆಯದು ತಿರುಗುತ್ತದೆ. ಅಕ್ಕನ ಭುಜ ಮುಂದಕ್ಕೆ ಜಗ್ಗುತ್ತದೆ, ಕೈ ಮಾತ್ರ ಹೊರಬರುವುದಿಲ್ಲ. ಮತ್ತೆ. ಮತ್ತೊಮ್ಮೆ. ನೀರು ಅರ್ಧ ದಾರಿಗೆ ಬಂದು ಸೋರಿಹೋಗುತ್ತದೆ. ಕೊನೆಗೆ ದರ್ಜಿ ಹಣೆ ಒರೆಸಿಕೊಂಡು ಎದ್ದು, ಟ್ಯಾಬ್ಲೆಟ್ಟನ್ನು ಅಕ್ಕನ ಮಡಿಲಲ್ಲಿಟ್ಟು, "ನಾಳೆ ನೋಡ್ಕೋತೀನಿ ಈ ತೊಟ್ಟೀನ. ನೀನೇ ಬೀರುವೊಳಗಿಡು" ಎಂದು ಹೊರಡುತ್ತಾರೆ.

ಅಕ್ಕ ಜೋಮು ಹಿಡಿದ ಕೈಗಳನ್ನು ಹೊರಗೆಳೆದು ಕೊಡವಿಕೊಳ್ಳುತ್ತಾರೆ. ಕಣ್ಣು ತುಂಬಿದೆ. ಆದರೂ ಎರಡು ಭೇಟಿಯಲ್ಲಿ ಮೊದಲ ಸಲ ನನ್ನನ್ನು ನೆಟ್ಟಗೆ ನೋಡುತ್ತಾರೆ.

"ನೋಡಿದ್ರಾ ಸಾರ್? ಇವತ್ತು ಅವರೇ ಸೋತ್ರು. ನಾನು ಮುಟ್ಟಲೇ ಇಲ್ಲ."