ಸುಂದರವ್ವ ಸಿಸ್ಟರ್ ಠಾಣೆಗೆ ಹೋದದ್ದು

ಶಿವಾನಿ ಕೈಮುಗಿದು ತಪ್ಪಾಯಿತೆಂದು ಕೇಳಿಕೊಂಡಳು ಎಂಬ ಸುದ್ದಿ ಸುಂದರವ್ವನಿಗೆ ತಲುಪಿದ್ದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ. ಅವಳು ಕೈಗವಸು ಬಿಚ್ಚುತ್ತಿದ್ದಳು. ಆಯಾ ರಾಚವ್ವ ನೆಲ ಒರೆಸುವ ಕೋಲನ್ನು ಗೋಡೆಗೆ ಆನಿಸಿ ಹತ್ತಿರ ಬಂದಳು.

“ಸಿಸ್ಟರ್ ಬಾಯಾರ, ನಿಮ್ಮ ವಾರ್ಡಿನ ಹುಡುಗಿಗೆ ಪೇಶಂಟಿನ ಮಗ ಹೊಡದ. ಹೊಡದಾಂವನ ಮುಂದ ಆಕಿ ಕಡಿಂದನ ಮಾಫಿ ಕೇಳ್ಸಿದ್ರು.”

“ಯಾರು ಕೇಳ್ಸಿದ್ದು?”

“ಮತ್ತ್ಯಾರ್ರಿ, ಮ್ಯಾನೇಜರ್ ಸಾಹೇಬ್ರು.”

ಸುಂದರವ್ವ ಕೈಗವಸನ್ನು ಡಬ್ಬಿಗೆ ಹಾಕಿದ್ದು ಹೌದೋ ಅಲ್ಲವೋ, ಅವಳಿಗೇ ನೆನಪಿಲ್ಲ. ಐವತ್ತೆರಡು ವರ್ಷದ, ಮೊಣಕಾಲು ನೋವಿನ ಹೆಂಗಸು ಒಂದೇ ಉಸಿರಿಗೆ ಮೆಟ್ಟಿಲಿಳಿದು ಮೊದಲ ಮಹಡಿಯ ವಾರ್ಡಿಗೆ ಬಂದಳು.

ಬೈಲಹೊಂಗಲದ ಆ ಖಾಸಗಿ ಆಸ್ಪತ್ರೆಗೆ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದಲೂ ಜನ ಬರುತ್ತಾರೆ. ಮೊದಲ ಮಹಡಿಯ ವಾರ್ಡಿನ ಹೊಣೆ ಸುಂದರವ್ವನದು. ಅಂದು ಅಲ್ಲಿ ಇಪ್ಪತ್ತೆರಡು ರೋಗಿಗಳಿದ್ದರು. ನೋಡಿಕೊಳ್ಳಲು ಇಬ್ಬರೇ ನರ್ಸು, ಅವಳು ಮತ್ತು ಉಗರಗೋಳದ ಶಿವಾನಿ. ಶಿವಾನಿಗೆ ಇಪ್ಪತ್ಮೂರು ವರ್ಷ, ಕೆಲಸಕ್ಕೆ ಸೇರಿ ಏಳು ತಿಂಗಳು. ಹನ್ನೊಂದು ಗಂಟೆಗೆ ಥಿಯೇಟರಿನಲ್ಲಿ ಒಬ್ಬರು ಕಡಿಮೆ ಬಿದ್ದರೆಂದು ಮೇಲಿನಿಂದ ಕರೆ ಬಂತು. ಸುಂದರವ್ವ ಹೋದಳು. ಇಪ್ಪತ್ತೆರಡು ಜನಕ್ಕೆ ಶಿವಾನಿ ಒಬ್ಬಳೇ ಉಳಿದಳು.

ಹನ್ನೆರಡೂವರೆಗೆ ಕಿಟಕಿ ಪಕ್ಕದ ಹೆಂಗಸಿಗೆ ಉಸಿರು ಕಟ್ಟಿತು. ಶಿವಾನಿ ಆಕ್ಸಿಜನ್ ಹಚ್ಚಿ ಮಾಸ್ಕ್ ಒತ್ತಿ ಹಿಡಿದಿದ್ದಳು. ಅದೇ ಹೊತ್ತಿಗೆ ಮೂಲೆಯ ಹಾಸಿಗೆಯ ಮುದುಕನ ಸಲೈನ್ ಮುಗಿದು, ನಳಿಗೆಯಲ್ಲಿ ಒಂದಿಷ್ಟು ರಕ್ತ ಹಿಂದಕ್ಕೆ ಬಂತು. ನೋಡಿದವರಿಗೆ ಗಾಬರಿಯಾಗುತ್ತದೆ, ಆದರೆ ಅರ್ಧ ನಿಮಿಷದಲ್ಲಿ ಸರಿಮಾಡುವ ಕೆಲಸ. ಮುದುಕನ ಮಗ ಸಂದೀಪ ಕೂಗಾಡಿದ. ಶಿವಾನಿ ಕೂತಲ್ಲಿಂದಲೇ “ಒಂದ್ ನಿಮಿಷ ತಡೀರಿ ಅಣ್ಣಾರ, ಈ ಅವ್ವಗ ಉಸಿರು ಬರವಲ್ದು” ಅಂದಳು. ಅವನು ಬಂದು ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಪಕ್ಕದ ಮಂಚದ ಕೆಳಗೆ ಬಿತ್ತು. ಅವಳು ಮಾಸ್ಕ್ ಬಿಡಲಿಲ್ಲ. ಕನ್ನಡಕವಿಲ್ಲದ ಕಣ್ಣಿನಿಂದಲೇ ಆ ಹೆಂಗಸಿನ ಎದೆ ಏರಿಳಿಯುವುದನ್ನು ನೋಡುತ್ತ ಕೂತಳು. ಇಡೀ ವಾರ್ಡು ನೋಡಿತು, ಯಾರೂ ಏಳಲಿಲ್ಲ.

ಮ್ಯಾನೇಜರ್ ಗುರುನಾಥ ಇಬ್ಬರನ್ನೂ ಆಫೀಸಿಗೆ ಕರೆಸಿದ. ಸಂದೀಪ ಟ್ರಸ್ಟಿಯೊಬ್ಬರ ಬೀಗರ ಪೈಕಿ. ಅವನಿಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಶಿವಾನಿಯನ್ನು ನಿಲ್ಲಿಸಿ ಕೈಮುಗಿಸಿದರು.

ನರ್ಸುಗಳು ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿಲ್ಲ. ಒಳಗಿದ್ದವರು ಬಾಗಿಲಿಗೆ ಕುರ್ಚಿ ಒತ್ತಿಟ್ಟುಕೊಳ್ಳಬೇಕು. ಸುಂದರವ್ವ ಕುರ್ಚಿಯನ್ನು ತಳ್ಳಿಕೊಂಡೇ ಒಳಹೊಕ್ಕಳು. ಶಿವಾನಿ ಊಟದ ಡಬ್ಬಿ ತೆರೆದು ಕೂತಿದ್ದಳು. ಚಪಾತಿ ಮುರಿದಿರಲಿಲ್ಲ. ಎಡಗೆನ್ನೆ ಕೆಂಪಗೆ ಬಾತಿತ್ತು.

“ಯಾಕ ಕೇಳಿದಿ ಮಾಫಿ? ನನ್ನ ಕರೀಬಾರದಾಗಿತ್ತೇನ?”

“ನೀವು ಥಿಯೇಟರಿನ್ಯಾಗಿದ್ರಿ.”

“ಬಾಯಿ ಇರಲಿಲ್ಲೇನ ನಿನಗ? ನಾ ಕೇಳೂದಿಲ್ಲ ಅನ್ನಾಕ ಬರ್ತಿರಲಿಲ್ಲೇನ?”

ಶಿವಾನಿ ತಲೆ ಎತ್ತಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ನೀವ ಹೇಳಿದ್ರಲ್ರಿ ಅಕ್ಕಾರ, ಮೊದಲನೇ ವಾರ. ಯಾರರ ಏನರ ಅಂದ್ರ ತಡಕೋ, ತಡಕೊಂಡಾಕಿ ಉಳೀತಾಳ ಅಂತ. ತಡಕೊಂಡೆ.”

ಸುಂದರವ್ವ ಹೇಳಿದ್ದು ನಿಜ. ಇವಳೊಬ್ಬಳಿಗಲ್ಲ, ಇಪ್ಪತ್ತೇಳು ವರ್ಷಗಳಲ್ಲಿ ತನ್ನ ಕೈಕೆಳಗೆ ಬಂದ ಪ್ರತಿ ಹುಡುಗಿಗೂ ಹೇಳಿದ್ದಳು, ಅದೂ ಅಭಿಮಾನದಿಂದ.

ಆ ಪಾಠವನ್ನು ಅವಳು ಕಲಿತದ್ದು ಬಹಳ ಹಿಂದೆ. ಅವಳಪ್ಪ ಕಾಡಪ್ಪ ನವಿಲುತೀರ್ಥದ ಕಾಲುವೆಯ ಮೇಲೆ ಕೂಲಿ ಮಾಡಿ ಮಗಳನ್ನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿಸಿದ. ಮೊದಲ ಕೆಲಸ ರಾಮದುರ್ಗದ ಕಡೆಯ ಹಳ್ಳಿಯೊಂದರಲ್ಲಿ. ಒಂದು ಮನೆಯಲ್ಲಿ ಹದಿನಾಲ್ಕು ತಾಸು ಕೂತು ಹೆರಿಗೆ ಮಾಡಿಸಿದಳು. ಕೂಸನ್ನು ತೊಳೆದು ಅಜ್ಜಿಯ ಕೈಗಿಟ್ಟಳು. ಬಾಯಾರಿ ನೀರು ಕೇಳಿದಾಗ ಅದೇ ಅಜ್ಜಿ ಅಂಗಳಕ್ಕೆ ಕರೆದು, ಎತ್ತರದಿಂದ ಬೊಗಸೆಗೆ ನೀರು ಸುರಿದಳು. ಒಳಗೆ ಬಸುರಿಯ ಮೈಮುಟ್ಟಬಹುದಿತ್ತು, ಆ ಮನೆಯ ಲೋಟ ಮುಟ್ಟುವ ಹಾಗಿರಲಿಲ್ಲ. ಸುಂದರವ್ವ ಕುಡಿದಳು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವನು “ನೌಕರಿ ಕಳಕೋಬ್ಯಾಡವ್ವಾ, ತಡಕೋ” ಅಂದ. ಅವತ್ತಿನಿಂದ ತಡಕೊಂಡಳು. ಡಾಕ್ಟರು ಕೈಗೆ ಸಿಕ್ಕ ಕತ್ತರಿ ಎಸೆದಾಗ ಎತ್ತಿಕೊಟ್ಟಳು. ಕೊರೊನಾ ಕಾಲದಲ್ಲಿ ಓಣಿಯವರು ತನ್ನ ಗಂಡ ಶಂಕ್ರೆಪ್ಪನಿಗೆ ಕಿರಾಣಿ ಅಂಗಡಿಯ ಮುಂದೆ ನಿಲ್ಲಬೇಡವೆಂದಾಗಲೂ ಸುಮ್ಮನಿದ್ದಳು. ಸುಮ್ಮನಿರುವುದೇ ತನ್ನ ಗಟ್ಟಿತನ ಎಂದು ತಿಳಿದಿದ್ದಳು. ಈಗ ಅದೇ ಗಟ್ಟಿತನ ಈ ಹುಡುಗಿಯ ಕೆನ್ನೆಯ ಮೇಲೆ ಕುಳಿತಿತ್ತು.

ಅವಳು ನೇರ ಗುರುನಾಥನ ಆಫೀಸಿಗೆ ಹೋದಳು. ಅವನು ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳಿದ: “ಕುಂಡ್ರಿ ಸಿಸ್ಟರ್. ನಂಗೂ ಕೆಟ್ಟ ಅನಸ್ತು. ಆದ್ರ ಪೇಶಂಟ್ ಕಡೆ ಮಂದಿ ಟೆನ್ಶನ್ನಿನ್ಯಾಗ ಇರ್ತಾರ, ನಾವು ತಿಳಕೋಬೇಕು. ಅದಕ್ಕಂತನ ರವಿವಾರ ಒಂದ್ ಟ್ರೇನಿಂಗ್ ಇಟ್ಟೇವಿ. ಒತ್ತಡ ಹೆಂಗ ತಡಕೋಬೇಕು, ಮನಸು ಹೆಂಗ ಗಟ್ಟಿ ಮಾಡಕೋಬೇಕು, ಎಲ್ಲಾ ಹೇಳಿಕೊಡ್ತಾರ. ಎಲ್ಲಾರೂ ಯೂನಿಫಾರ್ಮಿನ್ಯಾಗ ಬರಬೇಕು.”

“ರವಿವಾರ ನಮಗ ಸೂಟಿ ಐತ್ರಿ.”

“ನಿಮ್ಮ ಸಲುವಾಗಿನ ಇಟ್ಟೇವಲ್ರಿ, ಸಿಸ್ಟರ್.”

ಅವಳು ಕೂರಲಿಲ್ಲ. ಬಾಗಿಲು ದಾಟಿ ಹೊರಬಂದಳು.

ಭಾನುವಾರ ಮೇಲಿನ ಹಾಲಿನಲ್ಲಿ ಪಾಳಿಯಲ್ಲಿಲ್ಲದ ಹದಿನಾಲ್ಕು ಜನ ನರ್ಸುಗಳು ಸೇರಿದರು. ಕೆಲವರು ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ಬಂದು ಕೂತಿದ್ದರು. ಹುಬ್ಬಳ್ಳಿಯಿಂದ ಬಂದ ತರಬೇತುದಾರೆ ಅನ್ನಪೂರ್ಣಾ ಮೇಡಂ ನಗುನಗುತ್ತ ಮಾತಾಡಿದರು. ಕಣ್ಣು ಮುಚ್ಚಿಸಿ ಉಸಿರಾಟ ಮಾಡಿಸಿದರು. ಹಿಂದಿನ ಸಾಲಿನಲ್ಲಿ ಇಬ್ಬರು ಹಾಗೇ ನಿದ್ದೆ ಹೋದರು. ಆಮೇಲೆ ಎಲ್ಲರ ಕೈಗೂ ಒಂದೊಂದು ಬಲೂನು ಬಂತು. ತಮ್ಮ ತಮ್ಮ ಚಿಂತೆಯನ್ನೆಲ್ಲ ಅದರೊಳಗೆ ಊದಿ, ಒಡೆದುಬಿಡಬೇಕಂತೆ. ಗುರುನಾಥ ಬಾಗಿಲ ಬಳಿ ನಿಂತು ಫೋಟೋ ತೆಗೆಯುತ್ತಿದ್ದ.

ಶಿವಾನಿ ಬಲೂನು ಊದಲು ಹೋಗಿ ನಿಲ್ಲಿಸಿದಳು. ಕೆನ್ನೆ ಇನ್ನೂ ನೋಯುತ್ತಿತ್ತು.

ಅದನ್ನು ಕಂಡು ಸುಂದರವ್ವ ಎದ್ದು ನಿಂತಳು. ತನ್ನ ಬಲೂನನ್ನು ಮೇಜಿನ ಮೇಲಿಟ್ಟಳು.

“ಮೇಡಮ್ಮಾರ, ಒಂದ್ ಮಾತು ಕೇಳತೇನಿ. ಇಪ್ಪತ್ತೆರಡು ಪೇಶಂಟಿಗೆ ಒಬ್ಬಾಕಿ ನರ್ಸು. ಎಷ್ಟ್ ಸಲ ಉಸಿರು ಎಳಕೊಂಡ್ರ ಈ ಇಪ್ಪತ್ತೆರಡು ಅನ್ನೂದು ಹನ್ನೊಂದು ಆಗತೈತ್ರಿ?”

ಮಲಗಿದ್ದವರೂ ಎದ್ದರು.

“ಸಿಸ್ಟರ್, ಪ್ರಶ್ನಿ ಆಮ್ಯಾಲ ಕೇಳ್ರಿ,” ಎಂದ ಗುರುನಾಥ.

“ಇಪ್ಪತ್ತೇಳು ವರ್ಷ ಆಮ್ಯಾಲ ಆಮ್ಯಾಲ ಅಂತನ ಬಂದೇನಿ ಸಾಹೇಬ್ರ. ಇವತ್ತು ಕೇಳತೇನಿ. ನಮ್ಮ ಮನಸು ಗಟ್ಟಿ ಇಲ್ಲಂತ ಯಾರು ಹೇಳಿದ್ರು ನಿಮಗ? ಈ ಹುಡುಗಿ ಹೊಡ್ತ ತಿಂದಳು, ಮಾಸ್ಕ್ ಬಿಡಲಿಲ್ಲ. ಆ ಅವ್ವ ನಿನ್ನೆ ನಡಕೊಂತ ಮನಿಗೆ ಹೋದಳು. ಇದಕ್ಕಿಂತ ಗಟ್ಟಿ ಮನಸು ಎಲ್ಲಿಂದ ತರಬೇಕ್ರಿ? ನಮಗ ಇನ್ನೊಬ್ಬಾಕಿ ನರ್ಸು ಕೊಡ್ರಿ. ಅರಿಬಿ ಬದ್ಲಿ ಮಾಡೂ ಖೋಲಿಗೆ ಚಿಲಕ ಹಾಕಸ್ರಿ. ಹೊಡದಾಂವಗ ಚಹಾ ಕೊಡೂದು ಬಿಡ್ರಿ. ಅದಾದ ಮ್ಯಾಲ ಬಲೂನು ಊದೂಣಂತ.”

ಅನ್ನಪೂರ್ಣಾ ಮೇಡಂ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ನಗು ಹೋಗಿತ್ತು. “ಯಾರಿಗೆ ಹೊಡದ್ರು?” ಎಂದು ಕೇಳಿದರು. ಹುಡುಗಿಯರೆಲ್ಲ ಶಿವಾನಿಯತ್ತ ನೋಡಿದರು. ಮೇಡಂ ಆ ಕೆನ್ನೆಯನ್ನು ನೋಡಿ, “ನಂಗ ಈ ಸುದ್ದಿ ಹೇಳೇ ಇಲ್ಲ,” ಅಂದರು.

ಸುಂದರವ್ವ ಶಿವಾನಿಯ ಮುಂದೆ ಬಂದು ನಿಂತಳು.

“ನಾ ನಿನಗ ತಪ್ಪು ಕಲಿಸಿದೆ. ಈಗ ಸ್ಟೇಷನ್ನಿಗೆ ಹೊಂಟೇನಿ, ಕಂಪ್ಲೇಂಟ್ ಕೊಡಾಕ. ನೀ ಬಂದ್ರ ನಿನ್ನ ಹೆಸರಿಲೆ. ಬರಲಿಲ್ಲಂದ್ರ ನನ್ನ ಹೆಸರಿಲೆ, ಒತ್ತಾಯ ಇಲ್ಲ.”

ಶಿವಾನಿ ಎದ್ದಳು. ಅವಳ ಹಿಂದೆ ಆರು ಜನ ಎದ್ದರು. ಉಳಿದವರು ತಲೆ ತಗ್ಗಿಸಿದರು. ಅವರಲ್ಲಿ ಹಿರಿಯಳಾದ ಯಶೋಧಾ “ನಮ್ಮ ಮನ್ಯಾಗ ಸ್ಟೇಷನ್ ಅಂದ್ರ ಕಾಲು ಮುರೀತಾರವ್ವಾ” ಅಂದಳು. ಸುಂದರವ್ವ ಅವಳನ್ನು ಬೈಯಲಿಲ್ಲ. ಒಂದು ವಾರದ ಹಿಂದೆ ತಾನೂ ಅದನ್ನೇ ಹೇಳುತ್ತಿದ್ದೆನಲ್ಲ ಎನಿಸಿತು.

ಗುರುನಾಥ ಮೆಟ್ಟಿಲ ಬಳಿ ಅಡ್ಡ ಬಂದ. “ಆಸ್ಪತ್ರಿ ಹೆಸರು ಹಾಳಾಗತೈತಿ, ಸಿಸ್ಟರ್. ನಿಮ್ಮ ನೌಕರಿ ವಿಚಾರ ಮಾಡ್ರಿ.”

“ನಿಮ್ಮ ರಿಸೆಪ್ಷನ್ನಿನ ಗ್ವಾಡಿ ಮ್ಯಾಲ ಬೋರ್ಡ್ ಐತಲ್ರಿ, ಸಿಬ್ಬಂದಿ ಮ್ಯಾಲ ಕೈ ಮಾಡಿದ್ರ ಕೇಸ್ ಹಾಕತೇವಿ ಅಂತ. ಅದನ್ನ ಯಾರ ಸಲುವಾಗಿ ಹಾಕೀರಿ? ಸರೀರಿ.”

ಅವನು ಸರಿದ.

ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಎಂಟು ಜನ ಬಿಳಿ ಯೂನಿಫಾರ್ಮಿನಲ್ಲೇ ಪೇಟೆ ದಾಟಿ ನಡೆದರು. ಅಂಗಡಿಯವರು ಹೊರಗೆ ಬಂದು ನೋಡಿದರು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಬಸಯ್ಯ ಇದ್ದ. ಎಲ್ಲ ಕೇಳಿಕೊಂಡು, “ಆಸ್ಪತ್ರಿಯಿಂದ ಪತ್ರ ತಂದೀರೇನ್ರಿ?” ಎಂದ.

“ಹೊಡ್ತ ಆಸ್ಪತ್ರಿಗೆ ಬಿದ್ದಿಲ್ರಿ, ಈಕಿಗೆ ಬಿದ್ದೈತಿ. ಈಕಿ ಬಂದಾಳ. ಬರಕೋರಿ.”

ಬಸಯ್ಯ ಒಮ್ಮೆ ಇವಳನ್ನು, ಒಮ್ಮೆ ಹಿಂದೆ ನಿಂತ ಸಾಲನ್ನು ನೋಡಿದ. ತನ್ನ ಪಿಎಸ್‌ಐ ಸಾಹೇಬರಿಗೆ ಫೋನ್ ಮಾಡಿ ಬಂದು ಕುರ್ಚಿ ಎಳೆದುಕೊಂಡು ಬರೆಯತೊಡಗಿದ. ಶಿವಾನಿ ತಾನೇ ಹೇಳಿದಳು. ದನಿ ನಡುಗಿದಲ್ಲೆಲ್ಲ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಮುಂದುವರಿಸಿದಳು. ಸುಂದರವ್ವ ಮಧ್ಯೆ ಬಾಯಿ ಹಾಕಲಿಲ್ಲ.

ನಾಲ್ಕನೆಯ ದಿನ ಸಂದೀಪ ಇಬ್ಬರು ಹಿರಿಯರನ್ನು ಕರೆದುಕೊಂಡು ರಾಜಿಗೆ ಬಂದ. ಆಫೀಸಿನಲ್ಲಿ ಕೂತು ಮಾತಾಡೋಣ ಎಂದ ಗುರುನಾಥ. ಶಿವಾನಿ ಒಪ್ಪಲಿಲ್ಲ. ಹೊಡೆದದ್ದು ವಾರ್ಡಿನಲ್ಲಿ, ಹೇಳುವುದಿದ್ದರೆ ಅಲ್ಲಿಯೇ ಹೇಳಲಿ ಅಂದಳು. ಸಂದೀಪ ವಾರ್ಡಿನ ನಡುವೆ ನಿಂತು, ನೆಲ ನೋಡುತ್ತ, ತಪ್ಪಾತು ಎಂದು ಗೊಣಗಿದ.

“ಕೇಳಸ್ತ್ರಿ,” ಅಂದಳು ಶಿವಾನಿ. ಅಷ್ಟೇ. ಬಿ.ಪಿ. ಪಟ್ಟಿಯನ್ನು ಮುಂದಿನ ರೋಗಿಯ ತೋಳಿಗೆ ಸುತ್ತಿದಳು. ಕಂಪ್ಲೇಂಟ್ ಹಿಂದೆಗೆದುಕೊಳ್ಳಲಿಲ್ಲ. ಕೇಸು ಇನ್ನೂ ನಡೆದಿದೆ. ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ.

ತಿಂಗಳೊಳಗೆ ಸುಂದರವ್ವನನ್ನು ವಾರ್ಡಿನಿಂದ ತೆಗೆದು ಕೆಳಗಿನ ಇಂಜೆಕ್ಷನ್ ಕೋಣೆಗೆ ಹಾಕಿದರು. ಮೊಣಕಾಲು ನೋವಿಗೆ ಅನುಕೂಲವಾಗಲೆಂದು ಆದೇಶದಲ್ಲಿ ಬರೆದಿದ್ದರು. ಅದನ್ನು ಓದಿ ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅದೇ ತಿಂಗಳು ಮೊದಲ ಮಹಡಿಗೆ ಇಬ್ಬರು ಹೊಸ ನರ್ಸುಗಳು ಬಂದರು, ಚಿಲಕವೂ ಬಂತು. ಅನ್ನಪೂರ್ಣಾ ಮೇಡಂ ಟ್ರಸ್ಟಿಗಳಿಗೆ ಕಟುವಾಗಿ ಬರೆದರೆಂದು ಕೆಲವರು, ಕೇಸಿನ ಹೆದರಿಕೆಯೆಂದು ಕೆಲವರು ಹೇಳಿದರು. ಯಾವುದು ನಿಜವೋ ಸುಂದರವ್ವನಿಗೆ ತಿಳಿಯದು, ತಿಳಿದುಕೊಳ್ಳುವ ಪುರುಸೊತ್ತೂ ಇಲ್ಲ.

ಮೊನ್ನೆ ಅವಳು ಒಬ್ಬ ಮುದುಕಿಗೆ ಸೂಜಿ ಹಾಕುತ್ತಿದ್ದಾಗ ಮೇಲಿನಿಂದ ಗಂಡಸಿನ ಕೂಗಾಟ ಕೇಳಿಸಿತು. ಕೆಲಸ ಮುಗಿಸಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿ ನೋಡಿದಳು. ಹೊಸ ಹುಡುಗಿಯೊಬ್ಬಳ ಎದುರು ಒಬ್ಬ ಕೈ ಎತ್ತಿ ಅರಚುತ್ತಿದ್ದ. ಹುಡುಗಿಯ ಎಡಬಲಕ್ಕೆ ಶಿವಾನಿ ಮತ್ತು ಇನ್ನಿಬ್ಬರು ಬಂದು ನಿಂತಿದ್ದರು. ಅವರ ಹಿಂದೆ ಯಶೋಧಾ ಇದ್ದಳು, ಕೈಕಟ್ಟಿಕೊಂಡು. ಅವನ ಕೈ ನಿಧಾನವಾಗಿ ಇಳಿಯಿತು.

“ಏನ್ ತ್ರಾಸ ಆಗೇತಿ, ಕೈ ಕೆಳಗಿಟ್ಟು ಹೇಳ್ರಿ,” ಎನ್ನುತ್ತಿದ್ದಳು ಶಿವಾನಿ.

ಸುಂದರವ್ವ ವಾರ್ಡಿನೊಳಗೆ ಹೋಗಲಿಲ್ಲ. ಕೆಳಗೆ ಇಂಜೆಕ್ಷನ್ನಿನ ಸಾಲಿನಲ್ಲಿ ಯಾರೋ ನೂಕಾಡುತ್ತಿದ್ದರು. ಇಳಿದು ಬಂದು, ಒಳಗೆ ನುಗ್ಗುತ್ತಿದ್ದ ಒಬ್ಬನ ತೋಳು ಹಿಡಿದು ಹಿಂದೆ ನಿಲ್ಲಿಸಿ, ಮುಂದಿನವರನ್ನು ಕರೆದಳು.