ಆರನೇ ಶಾಲು

ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ನಮ್ಮ ಬಸವನಗುಡಿಯ ಬಡಾವಣೆ ಸಂಘದವರಿಗೆ ನಾನಿನ್ನೂ ಬದುಕಿರುವುದು ಜ್ಞಾಪಕಕ್ಕೆ ಬರುತ್ತದೆ. ಉಳಿದ ದಿನ ನಾನು ಪಾರ್ಕಿನ ಬೆಂಚು ಕಾಯುವ ಮುದುಕ. ಅಂದು ಮಾತ್ರ ವೀರಯೋಧ. ಬಳೇಪೇಟೆಯಿಂದ ಡಜನ್ ಲೆಕ್ಕದಲ್ಲಿ ತಂದ ಶಾಲು, ಗಾಂಧಿ ಬಜಾರಿನ ಹಾರ, ಕಿವಿ ಮುಚ್ಚುವ ಪೇಟ. ಆಮೇಲೆ ಅದೇ ಪ್ರಶ್ನೆ: "ಎಷ್ಟು ಜನ ಶತ್ರುಗಳನ್ನ ಹೊಡೆದ್ರಿ ಸಾರ್?"

ಒಬ್ಬರನ್ನೂ ಇಲ್ಲ. ರಾಗಿ ಹೊಲ ಬಿಟ್ಟು ಸೈನ್ಯ ಸೇರಿದ ನನಗೆ ಯುದ್ಧದಲ್ಲಿ ಸಿಕ್ಕಿದ್ದು ಸಿಗ್ನಲ್ ಕೆಲಸ. ಬೆನ್ನ ಮೇಲೆ ತಂತಿಯ ರೀಲು ಹೊತ್ತು ಟೆಲಿಫೋನ್ ಲೈನ್ ಎಳೆಯುವುದು, ಶೆಲ್ ಬಿದ್ದು ತುಂಡಾದರೆ ಹುಡುಕಿ ಜೋಡಿಸುವುದು. ಹೀಗೆಂದರೆ ಅವರ ಮುಖ ಹಳಸಿದ ಸಾರು ಮೂಸಿದ ಹಾಗಾಗುತ್ತದೆ. ಆ ಕೆಲಸದಲ್ಲಿ ನನ್ನ ಜೊತೆಗಿದ್ದವನ ವಿಷಯ ನಾಲ್ಕು ಜನರೆದುರು ಹೇಳಬೇಕೆಂಬುದೊಂದೇ ನನ್ನ ಆಸೆ. ಐದು ವರ್ಷದಿಂದ ಕೇಳುತ್ತಿದ್ದೇನೆ. "ಟೈಮಿಲ್ಲ ಸಾರ್, ಮುಂದಿನ ವರ್ಷ ನೋಡೋಣ." ನನಗೆ ಎಪ್ಪತ್ತೈದು ದಾಟಿದೆ. ಮುಂದಿನ ವರ್ಷ ಅನ್ನುವುದು ಇವರಪ್ಪನ ಮನೆ ಆಸ್ತಿಯೇ?

ಈ ಸಲ ಪಾರ್ಕಿನ ಸಭೆಯಲ್ಲಿ ಸಂಘದ ಕಾರ್ಯದರ್ಶಿಗಳು ಮೈಕ್ ಹಿಡಿದು ಅಧ್ಯಕ್ಷರನ್ನು ಹೊಗಳುತ್ತಿದ್ದರು. ಅಧ್ಯಕ್ಷರು ಹಿಗ್ಗಿ, ಮಣಭಾರದ ಕುರ್ಚಿಯನ್ನು ಮುಂದಕ್ಕೆಳೆದು ಕೂತರು. ಮೈಕ್ ಸತ್ತುಹೋಯಿತು. ಮೈಕ್‌ನವನು ಇದ್ದಬದ್ದ ಗುಂಡಿಗಳನ್ನೆಲ್ಲ ತಿರುಗಿಸಿ ಬೆವರಿದ. ನಾನು ಎದ್ದೆ. ತಂತಿಯನ್ನು ಮುಷ್ಟಿಯೊಳಗೆ ಹಿಡಿದು, ಬಗ್ಗಿ, ಅದು ಹೋದಲ್ಲಿಗೆ ಹೋಗಬೇಕು. ಎಲ್ಲಿ ಕಿತ್ತುಹೋಗಿದೆಯೋ ಕೈಗೇ ಗೊತ್ತಾಗುತ್ತದೆ. ಯುದ್ಧದಲ್ಲೂ ಹೀಗೇ ಮಾಡುತ್ತಿದ್ದೆವು. ಕೈ ಹೋಗಿ ನಿಂತದ್ದು ಅಧ್ಯಕ್ಷರ ಕುರ್ಚಿಯ ಕಾಲಡಿ.

"ಸ್ವಲ್ಪ ಏಳಿ ಸಾರ್. ನಿಮ್ಮ ಭಾರಕ್ಕೇ ಲೈನ್ ಕಟ್ಟಾಗಿದೆ."

ಮುಂದಿನ ಸಾಲಿನ ಹೆಂಗಸರು ಕಿಸಕ್ಕೆಂದರು. ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಕಿತ್ತು (ಸ್ವಂತ ಹಲ್ಲು!) ಹೊಸೆದು ಜೋಡಿಸಿದೆ. ಲೈನ್ ಜೋಡಿಸಿದವನೇ ಮೊದಲು ಮಾತಾಡಿ ನೋಡಬೇಕು, ಅದು ನಮ್ಮ ಪದ್ಧತಿ. ಕಾರ್ಯದರ್ಶಿಗಳ ಕೈಯಿಂದ ಮೈಕ್ ತೆಗೆದುಕೊಂಡೆ.

"ಹಲೋ. ಅವತ್ತು ಲೈನ್ ಹುಡುಕ್ಕೊಂಡು ಹೋಗೋ ಸರದಿ ನಂದು. ನಂಗೆ ಜ್ವರ. 'ನೀನು ಫೋನ್ ಹತ್ರ ಕೂತಿರು ಕಣೋ' ಅಂತ ನನ್ನ ಜೊತೆಗಾರ ಹೋದ. ಸ್ವಲ್ಪ ಹೊತ್ತಿಗೆ ಫೋನಿಗೆ ಜೀವ ಬಂತು. 'ಜೋಡಿಸ್ದೆ, ಕೇಳಿಸ್ತಾ?' ಅಂದ. 'ಕೇಳಿಸ್ತು' ಅಂದೆ. ಲೈನ್ ಉಳೀತು. ಅವನು ವಾಪಸ್ ಬರ್ಲಿಲ್ಲ. ಇಷ್ಟೇ."

ಅಧ್ಯಕ್ಷರು ಮೈಕ್ ಕಿತ್ತುಕೊಂಡು, "ನಮ್ಮ ವೀರಯೋಧರಿಗೆ ಜೋರಾಗಿ ಚಪ್ಪಾಳೆ!" ಅಂದರು. ಎಲ್ಲರೂ ತಟ್ಟಿದರು. ಆರನೇ ಶಾಲು ನನ್ನ ಹೆಗಲ ಮೇಲೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಮತ್ತೆ ಮೈಕ್ ಹಿಡಿದು, "ಹೋದವನು ಅವನು ಕಣ್ರಯ್ಯ, ನಾನಲ್ಲ!" ಎಂದು ಕೂಗಿದೆ.

ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ಕುರ್ಚಿಯನ್ನು ಅದೇ ತಂತಿಯ ಮೇಲೆ ಎಳೆದುಕೊಂಡು ಕೂತಿದ್ದರು.