ಹೊಸ ಬಿಟ್ಟನ್ನು ಮೊಂಡು ಮಾಡುತ್ತಿದ್ದ ಅಮ್ಮ

ಹೂಂ ಗುರು, ನೀವೆಲ್ಲ ನಮ್ಮ ಪೈಪ್ ಮಾಡುವವರ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿದಂತೆಯೇ ಡ್ರಿಲ್ಲಿಗೆ ಹೊಚ್ಚಹೊಸ ಬಿಟ್, ಅಂದರೆ ಕೊರೆಯುವ ಮೊನೆ, ಹಾಕಿದೆ. ನಾನೇ ಕೈಯಾರೆ ಮಾಡುತ್ತಿರುವ ತಂಬಾಕು ಪೈಪಿಗೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಕೊಳವೆ; ಬಾಯಿಗಿಡುವ ತುದಿಯಲ್ಲಿ ಸಾಲಾಗಿ ಸಣ್ಣ ತೂತು ಕೊರೆದು, ಅವನ್ನು ಸೇರಿಸಿ ಹೊಗೆ ಬರುವ ಸೀಳು ಬಿಡಿಸಬೇಕಿತ್ತು. ಎರಡನೇ ತೂತಿಗೇ ಬಿಟ್ ಕಚ್ಚಿಕೊಂಡು ಕೊಳವೆ ಸಿಡಿಯಿತು. ಬಿಸಿಯಾದ ಅಕ್ರಿಲಿಕ್‌ನ ಆ ಸಿಹಿ ಘಾಟು ಮೂಗಿಗೆ ಬಡಿದದ್ದೇ ಪೀಣ್ಯದ ಕಾರ್ಖಾನೆ ಶೆಡ್ ನೆನಪಾಯಿತು.

ಅಲ್ಲಿ ಅಮ್ಮ ಡ್ರಿಲ್ಲಿಂಗ್ ಮಷೀನಿಗೆ ನಿಂತು ಅಕ್ರಿಲಿಕ್, ಹಿತ್ತಾಳೆ ಎರಡನ್ನೂ ಕೊರೆಯುತ್ತಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಹೊಸ ಬಿಟ್ ಬಂದರೆ ಅಮ್ಮ ಅದರ ಅಂಚನ್ನು ಸಾಣೆಕಲ್ಲಿಗೆ ಎರಡು ಸಲ ಉಜ್ಜಿ ಬೇಕೆಂದೇ ಮೊಂಡು ಮಾಡುತ್ತಿದ್ದಳು.

"ಏನಮ್ಮ, ಹೊಸ ಬಿಟ್ ಹಾಳ್ಮಾಡ್ತಿದ್ದೀಯಲ್ಲ!" ಎಂದು ಓನರ್ ಕೂಗುತ್ತಿದ್ದರು.

"ಜಾಸ್ತಿ ಚೂಪಿದ್ರೆ ಕಚ್ಬಿಡುತ್ತೆ ಸಾರ್. ಒಸಿ ಹಲ್ಲು ಸವೆಸ್ಬೇಕು."

ಆದರೆ ಅವಳು ಹಾಗೆ ಉಜ್ಜುತ್ತಿದ್ದದ್ದು ಅಕ್ರಿಲಿಕ್ ಕೊರೆಯಲೋ, ಹಿತ್ತಾಳೆ ಕೊರೆಯಲೋ? ನಾಗಸಂದ್ರದ ಮನೆಯಲ್ಲಿರುವ ಅಮ್ಮನಿಗೇ ಫೋನ್ ಮಾಡಿ ಕೇಳಿದೆ.

"ಯಾರಿಗ್ ನೆನಪೈತೆ ಮಗಾ, ಕೈಗೆ ಗೊತ್ತಿತ್ತು," ಎಂದು ಅಮ್ಮ ನಕ್ಕಳು.

ಈಗ ಉಳಿದಿರುವುದು ಒಂದೇ ಕೊಳವೆ. ಒಂದು ಕೈಯಲ್ಲಿ ಹೊಸ ಬಿಟ್, ಇನ್ನೊಂದರಲ್ಲಿ ಸಾಣೆಕಲ್ಲು. "ಹೊಸದೇ ಹಾಕು" ಎಂದವರೇ, ನಿಮ್ಮಲ್ಲಿ ಎಷ್ಟು ಜನ ನಿಜವಾಗಿ ಅಕ್ರಿಲಿಕ್ ಕೊರೆದಿದ್ದೀರಿ?